ಮುಸುರೆಯ ಋಣ

ಒಂದು ಮನೆಯ ಸಂಸ್ಕಾರವನ್ನು ಅಲ್ಲಿ ಬಡಿಸುವ ಅನ್ನದಿಂದ ಅಳೆಯುವವರು ಬಹಳ ಮಂದಿ. ಉಂಡು ಎದ್ದ ಮೇಲೆ ಆ ತಾಟು ಯಾರ ಕೈಗೆ ಹೋಗುತ್ತದೆ ಎಂದು ವಿಚಾರಿಸುವವರು ವಿರಳ. ಸಂಘದ ಸ್ಮರಣ ಸಂಚಿಕೆಗೆ ಒಂದು ವೈಚಾರಿಕ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗಡಿ, ಭಾಷೆ, ಶಾಲೆಗಳ ಕುರಿತು ಬರೆಯುವ ಅಧಿಕಾರಿಗಳು ಅನೇಕರಿರುವರೆಂದು ತಿಳಿದು, ನಾವು ನಮ್ಮ ಅಡುಗೆಮನೆಯ ಮೂಲೆಯಲ್ಲಿ ಕಲಿತ ಒಂದು ಪಾಠವನ್ನು ಒಪ್ಪಿಸಲು ಧೈರ್ಯ ಮಾಡಿದ್ದೇವೆ. ವಿಷಯ ಕ್ಷುಲ್ಲಕವೆಂದು ತೋರಬಹುದು. ಅದು ಪಾತ್ರೆ ತೊಳೆಯುವ ಯಂತ್ರದ್ದು. ಆದರೆ ಆ ಯಂತ್ರವು ನಮ್ಮ ಮುಂದಿಟ್ಟ ಪ್ರಶ್ನೆ ಕ್ಷುಲ್ಲಕವಲ್ಲ. ನಮ್ಮ ಮುಸುರೆಯ ಹೊಣೆ ಯಾರದು? ಹಣ ಕೊಟ್ಟ ಮಾತ್ರಕ್ಕೆ ಆ ಹೊಣೆ ನಮ್ಮಿಂದ ಕಳಚಿಹೋಗುವುದೇ?

ನಮ್ಮ ಬಾಲ್ಯ ಕಳೆದದ್ದು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ. ಆಗ ಮುಸುರೆಗೂ ಒಂದು ಸಂಸಾರವಿತ್ತು. ತಾಟಿನಲ್ಲಿ ಉಳಿದ ತುತ್ತು ನಾಯಿಗೆ, ಪಾತ್ರೆ ಗಲಬರಿಸಿದ ಕಲಗಚ್ಚು ಎಮ್ಮೆಗೆ, ಕೊನೆಯ ನೀರು ಹಿತ್ತಲಿನ ನುಗ್ಗೆಯ ಬುಡಕ್ಕೆ ಸಲ್ಲುತ್ತಿತ್ತು. ಒಲೆಯ ಬೂದಿ, ತೆಂಗಿನ ನಾರು, ಹಿತ್ತಾಳೆಗೆ ಹುಣಸೆಹಣ್ಣು, ಇವಿಷ್ಟರಲ್ಲಿ ಎಲ್ಲವೂ ಬೆಳಗುತ್ತಿದ್ದವು. ವ್ಯರ್ಥವೆಂಬುದೇ ಇಲ್ಲದ ಆ ವ್ಯವಸ್ಥೆಯನ್ನು ನೆನೆದು ನಮ್ಮ ವಯಸ್ಸಿನವರು ನಿಟ್ಟುಸಿರು ಬಿಡುವುದುಂಟು. ನಾವೂ ಸಭೆಗಳಲ್ಲಿ ಅದನ್ನು ಹೊಗಳಿ ಮಾತನಾಡಿದವರೇ.

ಆದರೆ ಹೊಗಳುವಾಗ ನಾವು ಹೇಳದೆ ಬಿಟ್ಟ ಮಾತೊಂದಿದೆ. ಮುಸುರೆ ಪಾತ್ರೆಗಳನ್ನು ತಿಕ್ಕಲು ಬರುತ್ತಿದ್ದ ಹೆಣ್ಣುಮಗಳು ಹಿತ್ತಲ ಬಾಗಿಲಿನಿಂದ ಬಂದು ಅದೇ ಬಾಗಿಲಿನಿಂದ ಹೋಗುತ್ತಿದ್ದಳು. ಅವಳು ಫಳಫಳನೆ ಬೆಳಗಿ ಬೋರಲು ಹಾಕಿದ ಬೋಗುಣಿಗಳ ಮೇಲೆ ನಮ್ಮ ಅಜ್ಜಿ ಮತ್ತೊಂದು ತಂಬಿಗೆ ನೀರು ಹೊಯ್ದು, ಆಮೇಲೆ ಒಳಗೆ ಒಯ್ಯುತ್ತಿದ್ದರು. ನಮ್ಮ ಎಂಜಲನ್ನು ಮುಟ್ಟಿದ ಕೈ ನಮ್ಮ ಅಡುಗೆಯನ್ನು ಮುಟ್ಟಬಾರದು ಎಂಬುದು ಆ ಒಂದು ತಂಬಿಗೆ ನೀರಿನ ಅರ್ಥ. ಮೈಲಿಗೆ ನಮ್ಮದು, ಅದನ್ನು ತೊಳೆದವಳಿಗೆ ಅಂಟಿಸಿದ್ದೂ ನಾವೇ. ಬಾಲಕರಾಗಿ ಇದನ್ನು ನಿತ್ಯ ಕಂಡೆವು, ಒಮ್ಮೆಯೂ ಪ್ರಶ್ನಿಸಲಿಲ್ಲ.

ಮುಂದೆ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಶಿಕ್ಷಕರಾದೆವು, ಮುಖ್ಯಾಧ್ಯಾಪಕರಾದೆವು. ಶ್ರಮದಾನದ ದಿನ ಮಕ್ಕಳ ಕೈಯಿಂದ ಮೈದಾನ ಗುಡಿಸಿಸಿ ಶ್ರಮಗೌರವದ ಮೇಲೆ ಭಾಷಣ ಮಾಡುತ್ತಿದ್ದೆವು. ಗಾಂಧೀಜಿಯವರ ಆಶ್ರಮದಲ್ಲಿ ಪ್ರತಿಯೊಬ್ಬರೂ ತಮ್ಮ ಪಾತ್ರೆಯನ್ನು ತಾವೇ ತೊಳೆಯುತ್ತಿದ್ದರೆಂದು ಹೇಳುತ್ತಿದ್ದೆವು. ಬಳಿಕ ಮನೆಗೆ ಬಂದು ಊಟ ಮಾಡಿ, ತಾಟಿನಲ್ಲಿಯೇ ಕೈ ತೊಳೆದು, ಆ ತಾಟನ್ನು ಕುಳಿತಲ್ಲಿಯೇ ಬಿಟ್ಟು ಏಳುತ್ತಿದ್ದೆವು. ಎಪ್ಪತ್ತು ತುಂಬುವವರೆಗೆ ನಮ್ಮ ತಾಟನ್ನು ನಾವು ತೊಳೆದ ನೆನಪಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಮುಂದಿನ ಮಾತಿಗೆ ಬೆಲೆಯಿರದು.

ಸೊಲ್ಲಾಪುರದಲ್ಲಿ ಮನೆ ಮಾಡಿದ ಮೇಲೆ ಇಪ್ಪತ್ತೆರಡು ವರ್ಷ ನಮ್ಮ ಮನೆಯ ಮುಸುರೆ ತಿಕ್ಕಿದವರು ಒಬ್ಬ ಮಾವಶಿ. ಮೊಮ್ಮಕ್ಕಳು ಕರೆದಂತೆ ನಾವೂ ಅವರನ್ನು ಮಾವಶಿ ಎಂದೇ ಕರೆಯುತ್ತೇವೆ. ಅವರು ನಮ್ಮನ್ನು ಗುರುಗಳು ಎನ್ನುತ್ತಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ಅವರು ಬರಲಾಗಲಿಲ್ಲ. ಆ ಎರಡು ತಿಂಗಳು ಪಗಾರ ಕೊಟ್ಟೆವು, ಮತ್ತು ಅದನ್ನು ದೊಡ್ಡ ಔದಾರ್ಯವೆಂದು ಮನಸ್ಸಿನಲ್ಲಿ ಎಣಿಸಿಟ್ಟುಕೊಂಡೆವು. ಆ ದಿನಗಳಲ್ಲಿ ಆರು ಜನರ ಮುಸುರೆ ನಮ್ಮ ಮನೆಯವರ ಮತ್ತು ಸೊಸೆಯ ಪಾಲಿಗೆ ಬಂತು. ಮನೆಯವರ ಬೆರಳಿನ ಸಂಧಿವಾತ ಉಲ್ಬಣಿಸಿತು. ಪುಣೆಯಲ್ಲಿರುವ ಹಿರಿಯ ಮಗ ತಾಯಿಯ ಕೈಗಳನ್ನು ನೋಡಿ ಮರುಗಿ, ಕೆಲವು ಕಾಲದ ನಂತರ ಒಂದು ಡಿಶ್‌ವಾಷರ್ ಕೊಂಡು ಕಳಿಸಿದ.

ಈ ಯಂತ್ರ ಹೊಸದೇನಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫೀನ್ ಕಾಕ್ರೇನ್ ಎಂಬ ಮಹಿಳೆ 1886ರಲ್ಲಿ ಇದಕ್ಕೆ ಪೇಟೆಂಟ್ ಪಡೆದಳು. ಮನೆಯಾಳುಗಳ ಕೈಯಲ್ಲಿ ತನ್ನ ಬೆಲೆಬಾಳುವ ಪಿಂಗಾಣಿ ತಟ್ಟೆಗಳ ಅಂಚು ಮುಕ್ಕಾಗುವುದನ್ನು ಸಹಿಸಲಾರದೆ ಅವಳು ಈ ಕೆಲಸಕ್ಕೆ ಕೈ ಹಾಕಿದಳೆಂದು ಹೇಳುತ್ತಾರೆ. ಗಂಡ ಸಾಲ ಬಿಟ್ಟು ತೀರಿಕೊಂಡ ಮೇಲೆ ಅದೇ ಅವಳ ಬದುಕಿನ ದಾರಿಯೂ ಆಯಿತು. 1893ರ ಶಿಕಾಗೋ ಮಹಾಮೇಳದಲ್ಲಿ ಅವಳ ಯಂತ್ರ ಪ್ರದರ್ಶನಗೊಂಡಿತು. ಅದೇ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದನ್ನು ನಾವು ಮೂವತ್ತು ವರ್ಷ ಪಾಠ ಹೇಳಿದೆವು. ಅದೇ ಊರಿನಲ್ಲಿ, ಅದೇ ವರ್ಷ, ತಟ್ಟೆ ತೊಳೆಯುವ ಯಂತ್ರವೊಂದು ತಿರುಗುತ್ತಿತ್ತೆಂಬುದು ನಮಗೆ ಗೊತ್ತಿರಲಿಲ್ಲ. ಮೊದಲು ಇದನ್ನು ಕೊಂಡವರು ಹೋಟೆಲುಗಳವರು, ಆಸ್ಪತ್ರೆಗಳವರು. ಮನೆಗಳಿಗೆ ಇದು ಬರಲು ಬಹಳ ಕಾಲ ಹಿಡಿಯಿತು. ಆಳುಗಳ ಮೇಲಿನ ಬೇಸರದಿಂದ ಹುಟ್ಟಿದ ಯಂತ್ರವು ಆಳು ಬಾರದ ಕಾಲದಲ್ಲಿ ನಮ್ಮ ಮನೆಗೆ ಬಂದದ್ದು ವಿಚಿತ್ರವೇ ಸರಿ.

ಯಂತ್ರ ಬಂದ ಮೊದಲ ತಿಂಗಳೇ ಗಾಜಿನ ಲೋಟಗಳ ಮೇಲೆ ಬಿಳಿಯ ಪೊರೆ ಕಟ್ಟಿತು. ಸ್ಟೀಲಿನ ತಾಟುಗಳ ಮೇಲೆ ಸುಣ್ಣದ ಚುಕ್ಕೆಗಳು ನಿಂತವು. ಯಂತ್ರವೇ ಕೆಟ್ಟದ್ದೆಂದು ನಾವು ತೀರ್ಪಿತ್ತೆವು. ನಿಜದಲ್ಲಿ ದೋಷ ನೀರಿನದು ಮತ್ತು ನಮ್ಮದು. ನಮ್ಮದು ಕಪ್ಪು ಬಸಾಲ್ಟ್ ಕಲ್ಲಿನ ನೆಲ. ಬೋರಿನ ನೀರು ಗಡಸು. ನಲ್ಲಿಯ ನೀರು ದಿನಂಪ್ರತಿ ಬಾರದ ಊರಿನಲ್ಲಿ ಬೋರಿನ ನೀರನ್ನು ಬೆರೆಸದೆ ಗತ್ಯಂತರವಿಲ್ಲ. ಯಂತ್ರದ ತಳದಲ್ಲಿ ರೆಸಿನ್ ಎಂಬ ಸಣ್ಣ ಗುಂಡುಗಳು ತುಂಬಿದ ಒಂದು ಕೋಣೆಯಿದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಅದು ಹಿಡಿದಿಟ್ಟುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ; ನೀರು ಮೆದುವಾಗುತ್ತದೆ. ಹಿಡಿದು ಹಿಡಿದು ಅದರ ಶಕ್ತಿ ತೀರಿದಾಗ ಉಪ್ಪಿನ ನೀರು ಹಾಯ್ದು ಅದು ಮರಳಿ ಸಿದ್ಧವಾಗುತ್ತದೆ. ಆದ್ದರಿಂದ ಯಂತ್ರಕ್ಕೆ ಆಗಾಗ ಉಪ್ಪು ಹಾಕಬೇಕು, ಮತ್ತು ನಮ್ಮ ನೀರಿನ ಗಡಸುತನಕ್ಕೆ ತಕ್ಕಂತೆ ಅದರ ಮಟ್ಟವನ್ನು ಹೊಂದಿಸಬೇಕು.

ಇದೆಲ್ಲವೂ ಕೈಪಿಡಿಯಲ್ಲಿತ್ತು. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಉತ್ತರ ಬರೆಯಿರೆಂದು ಮಕ್ಕಳಿಗೆ ಜೀವಮಾನವಿಡೀ ಹೇಳಿದ ನಾವು ಆ ಕೈಪಿಡಿಯನ್ನು ಒಮ್ಮೆಯೂ ಓದಿರಲಿಲ್ಲ. ಉಪ್ಪು ಬೇಕೆಂದು ತಿಳಿದಾಗ ಅಡುಗೆಮನೆಯ ಅಯೋಡಿನ್ ಉಪ್ಪನ್ನೇ ಸುರಿದೆವು. ಅದೂ ತಪ್ಪು. ಅಡುಗೆಯ ಉಪ್ಪಿನಲ್ಲಿ ಗಂಟು ಕಟ್ಟದಿರಲೆಂದು ಬೆರೆಸಿದ ವಸ್ತುಗಳು ಆ ಕೋಣೆಯನ್ನು ಕೆಡಿಸಬಲ್ಲವು. ಈ ಕೆಲಸಕ್ಕೆಂದೇ ಸಿಗುವ ಶುದ್ಧವಾದ ದಪ್ಪ ಹರಳುಪ್ಪನ್ನೇ ಹಾಕಬೇಕು. ‘ಉಪ್ಪುಂಡ ಮನೆಗೆ ಎರಡು ಬಗೆಯಬಾರದು’ ಎಂಬ ಗಾದೆ ನಮ್ಮ ನೆನಪಿಗೆ ಬಂತು. ಉಪ್ಪು ಕೊಡುವವನಿಗೂ ಒಂದು ಧರ್ಮವಿದೆಯೆಂದು ಆ ಗಾದೆಯು ಹೇಳದಿದ್ದರೂ ಯಂತ್ರ ಹೇಳಿತು.

ಎರಡನೆಯ ಪಾಠ ಲೋಹಗಳದು. ಅಲ್ಯೂಮಿನಿಯಮ್ಮಿನ ಕುಕ್ಕರು ಕಪ್ಪಾಗಿ ಹೊರಬಂತು. ರೊಟ್ಟಿಯ ಕಬ್ಬಿಣದ ಹಂಚು ತುಕ್ಕು ಹಿಡಿಯಿತು. ದೇವರ ಮುಂದಿನ ಹಿತ್ತಾಳೆಯ ಸಾಮಾನು ಕಳೆಗುಂದಿತು. ಯಂತ್ರದ ಸಾಬೂನು ತೀವ್ರವಾದ ಕ್ಷಾರ. ನೀರು ಅರುವತ್ತೈದು ಡಿಗ್ರಿಯವರೆಗೂ ಕಾಯುವುದುಂಟು. ಸ್ಟೀಲು, ಗಾಜು, ಪಿಂಗಾಣಿಗಳು ಅದನ್ನು ತಾಳಬಲ್ಲವು. ಅಲ್ಯೂಮಿನಿಯಂ, ಕಬ್ಬಿಣ, ತಾಮ್ರ, ಹಿತ್ತಾಳೆ, ಕಟ್ಟಿಗೆ ತಾಳಲಾರವು. ರೊಟ್ಟಿಯ ಹಿಟ್ಟು ಒಣಗಿ ಅಂಟಿದ ಪರಾತವನ್ನಂತೂ ಮೊದಲು ನೆನೆಯಿಡಲೇಬೇಕು. ಹೀಗೆ ನಮ್ಮ ಮನೆಯ ಮುಸುರೆಯಲ್ಲಿ ಮೂರನೆಯ ಒಂದು ಪಾಲು ಯಂತ್ರ ಬಂದ ಮೇಲೂ ಕೈಗೇ ಉಳಿಯಿತು. ಎಲ್ಲವೂ ತೀರಿತೆಂದು ತಿಳಿದವರು ನಾವು. ಆ ಮೂರನೆಯ ಪಾಲನ್ನು ಸದ್ದಿಲ್ಲದೆ ತಿಕ್ಕಿದವಳು ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಮನೆಗೆ ಬರುವ ಸೊಸೆ.

ಈ ನಡುವೆ ನಾವು ಇನ್ನೊಂದು ಲೆಕ್ಕ ಮಾಡಿದ್ದೆವು. ಮಾವಶಿಗೆ ಮುಸುರೆಯ ಕೆಲಸ ತಪ್ಪಿ ಕಸ, ನೆಲಗಳಷ್ಟೇ ಉಳಿದವು. ಆದ್ದರಿಂದ ಪಗಾರವನ್ನು ಅರ್ಧ ಮಾಡಿದೆವು. ಅಂಕಗಣಿತದ ದೃಷ್ಟಿಯಿಂದ ಅದರಲ್ಲಿ ದೋಷವಿರಲಿಲ್ಲ. ಮಾವಶಿ ನೋಟುಗಳನ್ನು ಎಣಿಸಿ, ಏನೂ ಅನ್ನದೆ, ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು.

ನಾಲ್ಕನೆಯ ತಿಂಗಳು ಯಂತ್ರದ ತಳದಲ್ಲಿ ನೀರು ನಿಂತಿತು. ಬಾಗಿಲು ತೆರೆದರೆ ಹಳಸಿದ ವಾಸನೆ. ಮೇಲಿನ ಬುಟ್ಟಿಯ ವಾಟಗಗಳಲ್ಲಿ ಶೇಂಗಾ ಚಟ್ನಿಯ ಕಣಗಳು ಹಾಗೆಯೇ ಕುಳಿತಿದ್ದವು. ರಿಪೇರಿಯ ಹುಡುಗನನ್ನು ಕರೆಸಿದೆವು. ಇಪ್ಪತ್ತೈದರ ಒಳಗಿನವನು. ಅವನು ಕೆಳಗಿನ ಬುಟ್ಟಿಯನ್ನು ಹೊರತೆಗೆದು, ತಳದ ನಡುವಿನಲ್ಲಿದ್ದ ದುಂಡನೆಯ ಜಾಲರಿಯನ್ನು ತಿರುಗಿಸಿ ಎತ್ತಿದ. ಅದರೊಳಗಿಂದ ಬಂದದ್ದನ್ನು ಹಳೆಯ ಪತ್ರಿಕೆಯೊಂದರ ಮೇಲೆ ಸುರಿದ: ಕೊಳೆತ ಅನ್ನದ ಮುದ್ದೆ, ಒಗ್ಗರಣೆಯ ಸಾಸಿವೆ, ಕರಿಬೇವಿನ ನಾರು, ನಿಂಬೆಯ ಬೀಜ, ಉಪ್ಪಿನಕಾಯಿಯ ಬಾಟಲಿಯಿಂದ ಕಳಚಿದ ಕಾಗದದ ಚೀಟಿ, ಮೊಮ್ಮಗಳ ತಲೆಗೂದಲಿನ ರಬ್ಬರು. ನೀರು ಚಿಮ್ಮುವ ತೋಳನ್ನು ಬಿಚ್ಚಿ ಬೆಳಕಿಗೆ ಹಿಡಿದ. ಅದರ ತೂತುಗಳಲ್ಲಿ ಅರ್ಧದಷ್ಟು ಮುಚ್ಚಿದ್ದವು. ಒಂದೊಂದನ್ನೂ ಕಡ್ಡಿಯಿಂದ ಬಿಡಿಸಿದ. ಬಳಿಕ ಮರಾಠಿಯಲ್ಲಿ ಬಹಳ ಸಹಜವಾಗಿ ಕೇಳಿದ: ಈ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯಬೇಕು, ಮನೆಯಲ್ಲಿ ಇದನ್ನು ತೊಳೆಯುವವರು ಯಾರು?

ಮನೆಯಲ್ಲಿ ಎಲ್ಲರೂ ಇದ್ದೆವು. ಯಾರೂ ಉತ್ತರಿಸಲಿಲ್ಲ. ಆಮೇಲೆ ಎಲ್ಲರ ಕಣ್ಣುಗಳೂ ಸೊಸೆಯ ಕಡೆಗೆ ಹೊರಳಿದವು. ನಮ್ಮ ಕಣ್ಣುಗಳೂ. ಅವಳು ತಲೆ ತಗ್ಗಿಸಿ, “ನಾನs ತೊಳೀಬೇಕಾಗಿತ್ತು, ಲಕ್ಷ್ಯಕ್ಕ ಬರಲಿಲ್ಲ” ಎಂದಳು.

ಹುಡುಗ ತನ್ನ ಹಣ ಎಣಿಸಿಕೊಂಡು ಹೋದ. ಮುಕ್ಕಾಲು ಗಂಟೆಯ ಕೆಲಸಕ್ಕೆ ಅವನು ಪಡೆದದ್ದು ಮಾವಶಿಯ ಈಗಿನ ಅರ್ಧ ಪಗಾರಕ್ಕೆ ಸಮೀಪವಾಗಿತ್ತು. ನೆಲ ಒರೆಸುತ್ತಿದ್ದ ಮಾವಶಿ ಬಟ್ಟೆ ಹಿಂಡುತ್ತ, ನಮ್ಮ ಮನೆಯವರಿಗೆ, ಆಕ್ಷೇಪಿಸುವ ಧ್ವನಿಯೂ ಇಲ್ಲದೆ ಅಂದರು: “ಅಕ್ಕಾರ, ಮಷೀನ ಕೆಟ್ರ ರಿಪೇರಿಗಿ ರೊಕ್ಕಾ ಕೊಡ್ತೀರಿ. ನನ್ನ ಮೊಣಕಾಲ ಬ್ಯಾನಿ ಆದಾಗ ಎಂಟ ದಿನದ ಪಗಾರ ಮುರಕೊಂಡಿದ್ರಿ.”

ನಾವು ಮೂವತ್ತಕ್ಕೂ ಹೆಚ್ಚು ವರ್ಷ ನೀತಿಪಾಠ ಹೇಳಿದ್ದೇವೆ. ಇಷ್ಟು ಚಿಕ್ಕದಾದ, ಇಷ್ಟು ಪೂರ್ಣವಾದ ಪಾಠವನ್ನು ನಾವು ಹೇಳಿದ್ದು ನೆನಪಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ಇಂಥ ಯಂತ್ರದ ಬಗೆಗೆ ನಮ್ಮಂಥವರು ಸಾಮಾನ್ಯವಾಗಿ ಹೂಡುವ ಮೂರು ವಾದಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡೆವು.

ಮೊದಲನೆಯದು, ತನ್ನ ಮುಸುರೆಯನ್ನು ತಾನೇ ತೊಳೆಯುವುದು ಉತ್ತಮ; ಯಂತ್ರವು ಮನುಷ್ಯನನ್ನು ಸೋಮಾರಿಯನ್ನಾಗಿಸುತ್ತದೆ ಎಂಬುದು. ತತ್ತ್ವವಾಗಿ ಇದು ನಿರ್ದುಷ್ಟವಾದುದು. ಆದರೆ ಈ ಮಾತನ್ನು ಆಡುವ ಬಾಯಿಗಳು ಯಾರವು? ಬಹುತೇಕ ನಮ್ಮಂಥ ಗಂಡಸರವು. ‘ಕೈಯಿಂದ ತೊಳೆಯಬೇಕು’ ಎಂದು ನಾವು ಹೇಳಿದಾಗ ಆ ಕೈ ನಮ್ಮದಾಗಿರುವುದಿಲ್ಲ. ಹೆಂಡತಿಯದು, ಸೊಸೆಯದು, ಇಲ್ಲವೆ ಮಾವಶಿಯದು. ಇನ್ನೊಬ್ಬರ ಬೆರಳುಗಳಿಂದ ಆಚರಿಸುವ ಸರಳ ಜೀವನ ಸರಳ ಜೀವನವಲ್ಲ. ಆಶ್ರಮದಲ್ಲಿ ಪ್ರತಿಯೊಬ್ಬರೂ ಎಂಬ ಶಬ್ದಕ್ಕೆ ಪ್ರತಿಯೊಬ್ಬರೂ ಎಂದೇ ಅರ್ಥವಿತ್ತು.

ಎರಡನೆಯದು, ಯಂತ್ರವು ಬಡವರ ಅನ್ನ ಕಸಿಯುತ್ತದೆ, ಆದ್ದರಿಂದ ಕೆಲಸದವರನ್ನೇ ಇಟ್ಟುಕೊಳ್ಳುವುದು ಧರ್ಮ ಎಂಬುದು. ಇದರಲ್ಲಿಯೂ ಸತ್ಯದ ಅಂಶ ಇದ್ದೇ ಇದೆ. ಮಾವಶಿಯ ಅರ್ಧ ಪಗಾರ ಹೋದದ್ದು ಯಂತ್ರ ಬಂದ ಮೇಲೆಯೇ. ಆದರೆ ಆ ಪಗಾರವನ್ನು ಮುರಿದುಕೊಂಡದ್ದು ಯಂತ್ರವಲ್ಲ, ನಾವು. ಯಂತ್ರಕ್ಕೆ ಕೈಪಿಡಿಯಿತ್ತು: ಇಷ್ಟು ಭಾರ ಹೇರಬೇಡಿ, ಇಂಥ ನೀರು ಕೊಡಬೇಡಿ, ಇಷ್ಟು ದಿನಕ್ಕೊಮ್ಮೆ ನೋಡಿಕೊಳ್ಳಿ ಎಂದು. ಮಾವಶಿಗೆ ಅಂಥ ಕೈಪಿಡಿಯನ್ನು ಯಾರೂ ಬರೆದಿರಲಿಲ್ಲ. ಹೋಳಿಗೆಯ ಹಬ್ಬದ ದಿನ ಮುಸುರೆ ಮೂರು ಪಟ್ಟಾದರೂ ಪಗಾರ ಅಷ್ಟೇ. ವಾರದ ರಜೆ ಎಂಬುದಿರಲಿಲ್ಲ. ಚಳಿಗಾಲದಲ್ಲಿ ಸಾಬೂನಿನ ನೀರಿಗೆ ಅವರ ಬೆರಳಿನ ಸಂದುಗಳು ಸೀಳುತ್ತಿದ್ದವು, ನಾವು ನೋಡಿದ್ದೆವು. ಇಂಥ ಕೆಲಸವನ್ನು ‘ಉಳಿಸುವುದು’ ದಯೆಯೆಂದು ಹೇಳುವ ಮೊದಲು, ಅದನ್ನು ಇದೇ ಪಗಾರಕ್ಕೆ ನಮ್ಮ ಮಗಳು ಮಾಡಿದರೆ ಒಪ್ಪುವೆವೇ ಎಂದು ಕೇಳಿಕೊಳ್ಳಬೇಕು. ಉತ್ತರ ಎಲ್ಲರಿಗೂ ಗೊತ್ತಿದೆ.

ಮೂರನೆಯದು, ಯಂತ್ರವು ಹೆಣ್ಣುಮಕ್ಕಳನ್ನು ಬಿಡುಗಡೆ ಮಾಡುತ್ತದೆ ಎಂಬುದು; ನಮ್ಮ ಮಗನ ವಾದ. ಅದೂ ಅರ್ಧ ಸತ್ಯ. ಯಂತ್ರವು ಬೆರಳುಗಳ ಶ್ರಮವನ್ನು ಉಳಿಸಿತು, ನಿಜ. ಆದರೆ ತಾಟಿನ ಮುಸುರೆ ಬಳಿಯುವುದು, ಜೋಡಿಸುವುದು, ಸಾಬೂನು ಹಾಕುವುದು, ಕುಕ್ಕರು ತಿಕ್ಕುವುದು, ತೊಳೆದದ್ದನ್ನು ತೆಗೆದು ಕಪಾಟಿನಲ್ಲಿಡುವುದು, ಉಪ್ಪು ಮುಗಿಯಿತೇ ಎಂದು ನೆನಪಿಡುವುದು, ಇವೆಲ್ಲ ಉಳಿದವು. ಉಳಿದವೆಲ್ಲ ಅದೇ ಕೈಗಳಿಗೆ ಹೋದವು. ಬಟನು ಒತ್ತುವ ಅಧಿಕಾರ ಮಾತ್ರ ನಮಗೆ ಬಂತು. ಹೊಣೆಯು ಹಂಚಿಹೋಗದ ಮನೆಯಲ್ಲಿ ಯಂತ್ರವೂ ಒಬ್ಬ ಹೊಸ ಅತ್ತೆಯೇ.

ಹೀಗೆ ಮೂರೂ ವಾದಗಳು ಒಂದೇ ಕಡೆ ಕುಸಿಯುತ್ತವೆ. ಯಂತ್ರವೋ ಕೈಯೋ ಎಂಬ ಚರ್ಚೆಯಲ್ಲಿ ನಾವು ನಿಜವಾದ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತೇವೆ. ಉಣ್ಣುವವನು ತನ್ನ ಎಂಜಲನ್ನು ತನ್ನದೆಂದು ಒಪ್ಪುತ್ತಾನೆಯೇ ಎಂಬುದೇ ಪ್ರಶ್ನೆ. ಹಣ ಕೊಡುವುದರಿಂದ ಕೆಲಸ ಬೇರೆಯವರಿಗೆ ಹೋಗಬಹುದು, ಋಣ ಹೋಗುವುದಿಲ್ಲ. ಸರಿಯಾದ ಪಗಾರ ಆ ಋಣದ ಒಂದು ಕಂತು, ರಜೆ ಇನ್ನೊಂದು ಕಂತು, ಒಳಗಿನ ಬಾಗಿಲು ಮತ್ತೊಂದು. ಯಂತ್ರಕ್ಕೆ ಕೊಟ್ಟರೂ ಆ ಋಣ ಜಾಲರಿಯಲ್ಲಿ ಹೋಗಿ ಕುಳಿತು ಕಾಯುತ್ತದೆ. ಯಾರೂ ತೆಗೆಯದಿದ್ದರೆ ನಾರುತ್ತದೆ.

ಈ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಸೊನ್ನಲಿಗೆಯ ಸಿದ್ಧರಾಮರ ಕೆರೆಯ ದಂಡೆಯಲ್ಲಿ ಬಾಳುವವರು ನಾವು. ಹನ್ನೆರಡನೆಯ ಶತಮಾನದ ಶರಣರ ನಡುವೆ ಬಟ್ಟೆ ಮಡಿ ಮಾಡುವ ಮಾಚಿದೇವರಿದ್ದರು, ಅಂಗಳ ಗುಡಿಸುವ ಸತ್ಯಕ್ಕನಿದ್ದಳು. ಕೊಳೆ ತೆಗೆಯುವ ಕೈಯನ್ನು ಅವರು ಕೀಳೆನ್ನಲಿಲ್ಲ, ಅದೇ ಕಾಯಕವೆಂದರು. ನಮ್ಮ ಜಿಲ್ಲೆಯ ಪಂಢರಪುರದಲ್ಲಿ, ಸಂತ ನಾಮದೇವರ ಮನೆಗೆಲಸದ ಜನಾಬಾಯಿಯ ಕತೆಯನ್ನು ಮರಾಠಿ ನೆರೆಹೊರೆಯವರಿಂದ ಕೇಳಿ ಬೆಳೆದವರು ನಾವು. ಅವಳು ಬೀಸುತ್ತ ಕುಳಿತಾಗ ವಿಠ್ಠಲನೇ ಬಂದು ಬೀಸುವ ಕಲ್ಲಿಗೆ ಕೈ ಹಚ್ಚುತ್ತಿದ್ದನೆಂದು ಕತೆ. ದೇವರು ಅವಳಿಗೆ ಯಂತ್ರವನ್ನು ಕೊಡಲಿಲ್ಲ, ಕೆಲಸದ ಮಹಿಮೆಯ ಮೇಲೆ ಭಾಷಣವನ್ನೂ ಮಾಡಲಿಲ್ಲ. ಎದುರಿಗೆ ಕುಳಿತು ಕೈ ಹಚ್ಚಿದ. ಇಂಥ ಕತೆಗಳನ್ನು ಕೀರ್ತನೆಯಲ್ಲಿ ಕೇಳಿ ಕಣ್ಣೊರೆಸಿಕೊಂಡು, ಮನೆಗೆ ಬಂದು ತಾಟಿನಲ್ಲಿ ಕೈ ತೊಳೆದು ಏಳುವುದು ನಮಗೆ ಹೇಗೆ ಸಾಧ್ಯವಾಯಿತೋ ತಿಳಿಯದು.

ಮರುದಿನ ನಮ್ಮ ಮನೆಯಲ್ಲಿ ಒಂದು ಸಭೆ ಸೇರಿತು. ಕೆಲವು ನಿಯಮಗಳಾದವು. ಪ್ರತಿಯೊಬ್ಬರೂ ತಮ್ಮ ತಾಟಿನ ಮುಸುರೆಯನ್ನು ತಾವೇ ಬಳಿದು ಡಬ್ಬಿಗೆ ಹಾಕಿ, ತಾಟನ್ನು ತಾವೇ ಯಂತ್ರದಲ್ಲಿ ಇಡಬೇಕು. ಅದಕ್ಕೆ ಮೊದಲು ನಲ್ಲಿಯ ಕೆಳಗೆ ತೊಳೆಯುವ ಅಗತ್ಯವಿಲ್ಲ. ತೊಳೆದರೆ ನೀರು ಉಳಿಯುವ ಲಾಭವೇ ಇಲ್ಲ. ತೊಳೆದದ್ದನ್ನು ಕಪಾಟಿಗೆ ಇಡುವ ಸರದಿ ಮೊಮ್ಮಕ್ಕಳದು. ಕುಕ್ಕರು, ಹಂಚು, ಪರಾತ ಕಿರಿಯ ಮಗನ ಪಾಲು. ಜಾಲರಿ ಮತ್ತು ಉಪ್ಪು ನಮ್ಮವು. ಪ್ರತಿ ರವಿವಾರ ಬೆಳಿಗ್ಗೆ ಜಾಲರಿಯನ್ನು ತೆಗೆದು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತೇವೆ. ತೋಳಿನ ತೂತುಗಳನ್ನು ನೋಡುತ್ತೇವೆ. ಬಾಗಿಲಿನ ರಬ್ಬರನ್ನು ಒರೆಸುತ್ತೇವೆ. ಕೆಲವು ತಿಂಗಳಿಗೊಮ್ಮೆ ಸುಣ್ಣ ತೆಗೆಯುವ ಪುಡಿ ಹಾಕಿ ಯಂತ್ರವನ್ನು ಬರಿದಾಗಿ ಬಿಸಿನೀರಿನಲ್ಲಿ ಓಡಿಸುತ್ತೇವೆ. ಮೊದಲ ರವಿವಾರ ಆ ಮುದ್ದೆಯನ್ನು ಬೆರಳಿನಿಂದ ತೆಗೆಯುವಾಗ ನಮಗೆ ಹೇಸಿಗೆಯಾಯಿತು. ಅದು ನಮ್ಮದೇ ಎಂಜಲೆಂಬುದು ನೆನಪಾದಾಗ ಆ ಹೇಸಿಗೆಗೆ ನಾಚಿಕೆಯಾಯಿತು.

ದ್ರೌಪದಿಯ ಅಕ್ಷಯಪಾತ್ರೆಯ ಕತೆಗೆ ಅಂದು ನಮಗೆ ಹೊಸ ಅರ್ಥ ಹೊಳೆಯಿತು. ಅವಳು ಉಂಡ ಮೇಲೆ ಆ ದಿನಕ್ಕೆ ಪಾತ್ರೆ ಬರಿದು. ದುರ್ವಾಸರು ಶಿಷ್ಯರೊಡನೆ ಬಂದಾಗ, ಅಂಚಿಗೆ ಅಂಟಿದ್ದ ಒಂದಿಷ್ಟು ಸೊಪ್ಪನ್ನು ಕೃಷ್ಣನು ತೆಗೆದು ತಿಂದ. ಅವರೆಲ್ಲರ ಹೊಟ್ಟೆ ತುಂಬಿತು. ಇದನ್ನು ನಾವು ತರಗತಿಯಲ್ಲಿ ದೈವಲೀಲೆಯೆಂದು ವಿವರಿಸುತ್ತಿದ್ದೆವು. ಈಗ ಅನಿಸುವುದಿಷ್ಟು: ಉಳಿದ ಎಂಜಲಿನ ಕಡೆಗೆ ಕೈ ಚಾಚಲು ದೊರೆತನ ಬೇಕಿಲ್ಲ, ಹಿಂಜರಿಯದ ಮನಸ್ಸು ಬೇಕು; ಆ ಮನಸ್ಸು ದೇವರಿಗೆ ಇತ್ತು.

ಇನ್ನು ಮಾವಶಿಯ ಮಾತು. ಮುರಿದುಕೊಂಡ ಪಗಾರವನ್ನು, ಆ ಎಂಟು ದಿನಗಳದ್ದನ್ನೂ ಸೇರಿಸಿ, ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟೆವು. ಮನೆಯವರ ಬೆರಳುಗಳಿಗೆ ರೊಟ್ಟಿ ಬಡಿಯುವುದು ಆಗುತ್ತಿರಲಿಲ್ಲ. ಒಳಗೆ ಬಂದು ರೊಟ್ಟಿ ಮಾಡಿಕೊಡಲು ಸಾಧ್ಯವೇ ಎಂದು ಅವರು ಮಾವಶಿಯನ್ನು ಕೇಳಿದರು. ಮಾವಶಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಪ್ಪತ್ತೆರಡ ವರ್ಷ ಆತ್ರಿ ಅಕ್ಕಾರ, ಈಗ ಕೇಳ್ತೀರಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುವಾರ ತಮ್ಮ ದರವನ್ನು ತಾವೇ ಹೇಳಿದರು, ಸೋಮವಾರ ರಜೆ ಎಂದರು, ಕಸ ನೆಲಗಳ ಕೆಲಸ ಇನ್ನು ಮಾಡುವುದಿಲ್ಲ ಎಂದರು. ಎಲ್ಲಕ್ಕೂ ಒಪ್ಪಿದೆವು. ಈಗ ಬೆಳಿಗ್ಗೆ ಒಂದು ಗಂಟೆ ಬಂದು ಜೋಳದ ರೊಟ್ಟಿ ಬಡಿದುಕೊಟ್ಟು ಹೋಗುತ್ತಾರೆ. ಮುಂಬಾಗಿಲಿನಿಂದ ಬರುತ್ತಾರೆ. ನಮ್ಮ ಹಿರಿಯ ಬಂಧುಗಳೊಬ್ಬರು ವಿಷಯ ತಿಳಿದು ನಮ್ಮ ಮನೆಯಲ್ಲಿ ಊಟ ಬಿಟ್ಟರು. ಇದನ್ನು ನಾವು ಹೆಮ್ಮೆಯಿಂದ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ತೆರೆಯಬಹುದಾಗಿದ್ದ ಬಾಗಿಲನ್ನು ತೆರೆಯಲು ನಮಗೆ ಒಂದು ಯಂತ್ರ ಕೆಡಬೇಕಾಯಿತು.

ಸಂಘದ ಅನೇಕ ಕುಟುಂಬಗಳವರು ಈ ಯಂತ್ರವನ್ನು ಕೊಳ್ಳುವ ವಿಚಾರದಲ್ಲಿದ್ದು ನಮ್ಮನ್ನು ಕೇಳುವುದುಂಟು. ಅವರಿಗಾಗಿ ನಾಲ್ಕು ಮಾತು. ನಾಲ್ಕು ಜನರ ಮೇಲಿನ ಸಂಸಾರಕ್ಕೆ ದೊಡ್ಡ ಅಳತೆಯದೇ ಇರಲಿ. ನಮ್ಮ ಬೋಗುಣಿ, ಕಡಾಯಿಗಳು ಚಿಕ್ಕದರಲ್ಲಿ ಹಿಡಿಯಲಾರವು. ಮೇಲಿನ ಬುಟ್ಟಿಯನ್ನು ಏರಿಸಿ ಇಳಿಸುವ ಅನುಕೂಲವಿದೆಯೇ ನೋಡಿ. ನೀರು ಮೆದುಗೊಳಿಸುವ ಭಾಗವಿಲ್ಲದ ಯಂತ್ರ ನಮ್ಮ ಸೀಮೆಗೆ ಸಲ್ಲದು. ಮಾಳಿಗೆಯ ಮೇಲಿನ ಟಾಕಿಯಿಂದ ಬರುವ ನೀರಿನ ಒತ್ತಡ ಸಾಕಾಗುವುದೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ. ಊರಿನಲ್ಲಿಯೇ ರಿಪೇರಿಯವರು ಸಿಗುವ ಯಂತ್ರವನ್ನು ಆರಿಸಿ. ಬೆಲೆ ಕಡಿಮೆಯೆಂದು ದೂರದ್ದನ್ನು ತರಬೇಡಿ. ತುಂಬಿದ ಮೇಲೆಯೇ ಓಡಿಸಿ. ನಮ್ಮ ಯಂತ್ರ ಒಂದು ಸಲಕ್ಕೆ ಹತ್ತು ಹನ್ನೆರಡು ಲೀಟರ್ ನೀರು ಬಳಸುತ್ತದೆ. ಹಿಂದೆ ಅಷ್ಟೇ ಮುಸುರೆಗೆ ಎರಡು ಬಕೆಟ್ಟಿಗೆ ಕಡಿಮೆ ಆಗುತ್ತಿರಲಿಲ್ಲ. ಉಜನಿಯ ನೀರಿಗಾಗಿ ದಿನ ಎಣಿಸುವ ನಮಗೆ ಇದು ಸಣ್ಣ ಉಳಿತಾಯವಲ್ಲ.

ಆದರೆ ಅಂಗಡಿಗೆ ಹೋಗುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತು ಒಂದು ಪ್ರಶ್ನೆಗೆ ಹೆಸರಿಟ್ಟು ಉತ್ತರ ಬರೆಯಿರಿ: ಜಾಲರಿಯನ್ನು ತೊಳೆಯುವವರು ಯಾರು? ಆ ಹೆಸರು ಮನೆಯ ಹೆಣ್ಣುಮಗಳದ್ದೇ ಆಗಿದ್ದರೆ ಇನ್ನೊಮ್ಮೆ ಯೋಚಿಸಿರಿ. ಮತ್ತು ಇದುವರೆಗೆ ನಿಮ್ಮ ಮುಸುರೆ ತಿಕ್ಕಿದವರಿಗೆ ಇನ್ನೇನು ಸಲ್ಲಬೇಕು ಎಂಬುದನ್ನು ಅದೇ ಕಾಗದದ ಹಿಂಬದಿಗೆ ಬರೆಯಿರಿ. ಈ ಎರಡಕ್ಕೂ ಉತ್ತರ ದೊರೆತರೆ ಯಂತ್ರ ತಂದರೂ ಒಳ್ಳೆಯದು, ತರದಿದ್ದರೂ ಒಳ್ಳೆಯದು.

ಈ ಸಮ್ಮೇಳನದ ಮಧ್ಯಾಹ್ನ ನಾವೆಲ್ಲ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತೇವೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ರುಚಿಯನ್ನು ಹೊಗಳುತ್ತೇವೆ. ಗಡಿಯಾಚೆಯಿದ್ದರೂ ನಮ್ಮ ಊಟ ಕನ್ನಡದ್ದೇ ಎಂದು ಸಂತೋಷಪಡುತ್ತೇವೆ. ಮಂಟಪದ ಹಿಂಬದಿಯಲ್ಲಿ ನಲ್ಲಿಯ ಹತ್ತಿರ ನೂರಾರು ತಾಟುಗಳ ರಾಶಿಯ ಮುಂದೆ ಕೆಲವರು ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾರೆ. ಕವಿಗೋಷ್ಠಿ ಆರಂಭವಾದರೂ ಅವರ ಕೆಲಸ ಮುಗಿದಿರುವುದಿಲ್ಲ. ಅವರ ಊಟವೂ ಆಗಿರುವುದಿಲ್ಲ. ಈ ಸಲ ನಮ್ಮ ತಾಟನ್ನು ನಾವೇ ಬಳಿದು, ಅಲ್ಲಿಯವರೆಗೆ ನಾವೇ ಒಯ್ದು ಕೊಡೋಣ. ಕೊಡುವಾಗ ಅವರ ಊಟವಾಯಿತೇ ಎಂದು ಕೇಳೋಣ. ಆಗಿರದಿದ್ದರೆ ಅವರು ಎದ್ದು ಉಣ್ಣುವಷ್ಟು ಹೊತ್ತು ಆ ನಲ್ಲಿಯ ಹತ್ತಿರ ಕುಳಿತುಕೊಳ್ಳಲು ನಾವು ಸಿದ್ಧರಿದ್ದೇವೆ. ನಮ್ಮ ಜೊತೆಗೆ ಇನ್ನೂ ನಾಲ್ಕು ಜನ ಹಿರಿಯರು ಬಂದರೆ ಕವಿಗೋಷ್ಠಿ ಅರ್ಧ ಗಂಟೆ ತಡವಾದೀತು, ಅಷ್ಟೇ.